ಹೂವಿನಬಾಗೆಯ ಗಣಿತ ಮತ್ತು ನಾಲ್ಕು ಹುಣಸೆ ಬೀಜಗಳು

ನಾವು ಚಿಕ್ಕವರಿದ್ದಾಗ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಮಳೆಗಾಲದ ಮಧ್ಯಾಹ್ನಗಳು ಚೌಕಾಬಾರ ಆಡುವುದರಲ್ಲಿ ಕಳೆಯುತ್ತಿದ್ದವು. ಎಲ್ಲರ ಮನೆಯಲ್ಲೂ ಕವಡೆ ಇರುತ್ತಿರಲಿಲ್ಲ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ, ಇನ್ನೊಂದು ಮೈ ಕಪ್ಪು ಮಾಡಿಕೊಂಡರೆ ಆಯಿತು. ಅಮ್ಮಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರೆ ನಾವು ಪಕ್ಕದಲ್ಲೇ ಇದ್ದಿಲಿನಿಂದ ಮನೆ ಬರೆದು ಕೂರುತ್ತಿದ್ದೆವು. ನಾನಿ ಮಾತ್ರ 'ಪಾಸೆ ಹರಾಮ್, ಏಳ್ರಿ ಅಲ್ಲಿಂದ' ಎಂದು ಗದರುತ್ತಿದ್ದರು. ಎದುರು ಮನೆಯ ಜೈನರ ಅಜ್ಜಿಯದೂ ಅದೇ ಮಾತು. ಸಪ್ತ ವ್ಯಸನಗಳಲ್ಲಿ ಜೂಜೇ ಮೊದಲನೆಯದು ಎಂದು ಅವರು ಹೇಳುತ್ತಿದ್ದರು. ಧರ್ಮ ಬೇರೆಯಾದರೂ ಬೈಗುಳ ಒಂದೇ ಆಗಿತ್ತು.

ಇಂದು ಹೈಸ್ಕೂಲಿನ ಗಣಿತ ಪುಸ್ತಕದ 'ಸಂಭವನೀಯತೆ'ಯ ಪಾಠ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ನಾಣ್ಯ, ದಾಳ ಮತ್ತು ಇಸ್ಪೀಟು. ಮುಟ್ಟಿದರೆ ಮನೆಯಲ್ಲಿ ಪೆಟ್ಟು, ಮುಟ್ಟದಿದ್ದರೆ ಪರೀಕ್ಷೆಯಲ್ಲಿ ಅಂಕವಿಲ್ಲ! ಪಿಯುಸಿಗೆ ಹೋದ ಮೇಲೆ 'ಯಾದೃಚ್ಛಿಕ ಚರ', 'ಸಂಭವನೀಯತಾ ವಿತರಣೆ' ಎಂಬ ಇನ್ನೂ ಭಾರವಾದ ಪದಗಳು ಬರುತ್ತವೆ. ಉರ್ದುವಿನಲ್ಲಿ 'ಇಮ್ಕಾನ್' ಎಂದು ಮನೆಯಲ್ಲಿ ದಿನವೂ ಆಡುವ ಪದದ ಮಗನೇ ಈ ಸಂಭವನೀಯತೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೀಗಾಗಿ ಇದು ಎಲ್ಲೋ ದೂರದ ಜೂಜುಕೋರರ ಗಣಿತ, ನಮಗೆ ಸಂಬಂಧವಿಲ್ಲದ್ದು ಎಂಬ ಭಾವನೆ ಬೆಳೆಯುತ್ತದೆ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅದರ ಒಂದು ಎಳೆ ನಮ್ಮ ರಾಯಬಾಗದಲ್ಲೇ ಇದೆ.

12ನೆಯ ಶತಮಾನದ ಜೈನ ಕವಿ ರಾಜಾದಿತ್ಯ ಕನ್ನಡದ ಮೊದಲ ಗಣಿತ ಗ್ರಂಥಕಾರ. ಆತನ ಊರು ಪೂವಿನಬಾಗೆ. ಈ ಹೂವಿನಬಾಗೆಯೇ ಇಂದಿನ ರಾಯಬಾಗ ಎಂದು ವಿದ್ವಾಂಸರು ಗುರುತಿಸಿದ್ದಾರೆ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮುಂತಾದ ಕೃತಿಗಳಲ್ಲಿ ಆತ ಲೆಕ್ಕವನ್ನು ಸಂಸ್ಕೃತ ಬಲ್ಲವರ ಕೈಯಿಂದ ಬಿಡಿಸಿ ಕನ್ನಡದಲ್ಲಿ ಹೇಳಿದ. ಸಂಭವನೀಯತೆಯ ಬಗ್ಗೆ ರಾಜಾದಿತ್ಯ ಬರೆಯಲಿಲ್ಲ. ಆ ಕಾಲಕ್ಕೆ ಅದು ಜಗತ್ತಿನಲ್ಲಿ ಎಲ್ಲಿಯೂ ಶಾಸ್ತ್ರವಾಗಿರಲಿಲ್ಲ. ಆದರೆ ಆತ ಬೆಳೆದ ಜೈನ ಗಣಿತ ಪರಂಪರೆಯಲ್ಲಿ ಅದಕ್ಕೆ ಬೇಕಾದ ಬೀಜ ಮೂರು ಶತಮಾನ ಮೊದಲೇ ಬಿದ್ದಿತ್ತು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ವಿಧದಲ್ಲಿ ಆಯ್ದುಕೊಳ್ಳಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಆತ ಕೊಟ್ಟ. ಆತನ ಉದಾಹರಣೆಯಲ್ಲಿ ದಾಳವಿಲ್ಲ, ಆರು ರುಚಿಗಳಿವೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಅಡುಗೆಮನೆಯ ಪ್ರಶ್ನೆ ಅದು. ಉತ್ತರ 63.

ಈ ಸೂತ್ರವನ್ನು ನಮ್ಮ ನಾಲ್ಕು ಹುಣಸೆ ಬೀಜಗಳಿಗೆ ಹಚ್ಚಿ ನೋಡೋಣ. ಪ್ರತಿ ಬೀಜಕ್ಕೆ ಎರಡು ಮೈ, ಆದ್ದರಿಂದ ನಾಲ್ಕು ಬೀಜ ಎಸೆದರೆ ಒಟ್ಟು 16 ಬಗೆ. ಅದರಲ್ಲಿ ಒಂದೇ ಬೀಜ ಬಿಳಿ ಬೀಳುವುದು 4 ಬಗೆಯಲ್ಲಿ. ಎರಡು ಬಿಳಿ ಬೀಳುವುದು, ಮಹಾವೀರನ ಸೂತ್ರದಂತೆ ನಾಲ್ಕನ್ನು ಮೂರರಿಂದ ಗುಣಿಸಿ ಎರಡರಿಂದ ಭಾಗಿಸಿದರೆ, 6 ಬಗೆಯಲ್ಲಿ. ಮೂರು ಬಿಳಿ 4 ಬಗೆ, ನಾಲ್ಕೂ ಬಿಳಿ 1 ಬಗೆ, ಎಲ್ಲವೂ ಕಪ್ಪು 1 ಬಗೆ. ಕೂಡಿದರೆ 16.

ಆಟದಲ್ಲಿ ನಾವು ಮಾಡುತ್ತಿದ್ದುದೇನು? ಎಷ್ಟು ಬಿಳಿಯೋ ಅಷ್ಟು ಮನೆ ನಡೆಸುವುದು. ಎಲ್ಲವೂ ಕಪ್ಪಾದರೆ ಮಾತ್ರ ಎಂಟು ಮನೆ. ಬೀಜಗಳು ಬಿದ್ದ ಬಗೆಗೆ ಒಂದು ನಿಯಮದಂತೆ ಒಂದು ಸಂಖ್ಯೆ ಕೊಡುವುದು, ಯಾದೃಚ್ಛಿಕ ಚರವೆಂದರೆ ಇಷ್ಟೇ. ಆ ಸಂಖ್ಯೆಗಳಿಗೆ ಎದುರಾಗಿ ಅವು ಬರುವ ಸಂಭವವನ್ನು ಬರೆದರೆ ವಿತರಣೆಯ ಕೋಷ್ಟಕ ಸಿದ್ಧ. ಒಂದಕ್ಕೆ 16ರಲ್ಲಿ 4, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ 1, ಎಂಟಕ್ಕೆ 1. ಪ್ರತಿ ಸಂಖ್ಯೆಯನ್ನು ಅದರ ಪಾಲಿನಿಂದ ಗುಣಿಸಿ ಕೂಡಿದರೆ 16ರಲ್ಲಿ 40, ಅಂದರೆ ಎರಡೂವರೆ. ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಮನೆ. ಯಾವ ಎಸೆತದಲ್ಲೂ ಎರಡೂವರೆ ಬೀಳುವುದಿಲ್ಲ. ಆದರೆ ಸಾವಿರ ಎಸೆತ ಆಡಿದರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. ಬೀಜ ಸರಿಯಾಗಿ ಉಜ್ಜಿರದಿದ್ದರೆ ಒಂದು ಮೈ ಹೆಚ್ಚು ಬೀಳಬಹುದು. ಅದನ್ನು ಮಕ್ಕಳೇ ಇನ್ನೂರು ಸಲ ಎಸೆದು, ಬರೆದು ಕಂಡುಕೊಳ್ಳಲಿ.

ಮಹಾವೀರ ದಖ್ಖನಿನಲ್ಲಿ ಬರೆಯುತ್ತಿದ್ದಾಗ ಬಗ್ದಾದಿನಲ್ಲೂ ಇಂಥದೇ ಎಣಿಕೆ ನಡೆದಿತ್ತು. 8ನೆಯ ಶತಮಾನದಲ್ಲಿ ಅರಬ್ಬಿ ನಿಘಂಟು ಕಟ್ಟಹೊರಟ ಖಲೀಲ್ ಇಬ್ನ್ ಅಹ್ಮದ್, 28 ಅಕ್ಷರಗಳಿಂದ ಎರಡಕ್ಷರದ, ಮೂರಕ್ಷರದ ಪದಗಳು ಎಷ್ಟು ಸಾಧ್ಯ ಎಂದು ಲೆಕ್ಕ ಹಾಕಿದ. 9ನೆಯ ಶತಮಾನದ ಅಲ್ ಕಿಂದಿ ಗುಪ್ತ ಲಿಪಿಯನ್ನು ಒಡೆಯುವ ದಾರಿ ಬರೆದಿಟ್ಟ. ಒಂದು ಭಾಷೆಯ ಸಾದಾ ಬರಹದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಗುಪ್ತ ಬರಹದ ಚಿಹ್ನೆಗಳನ್ನೂ ಹಾಗೆಯೇ ಎಣಿಸಿ, ಎರಡನ್ನೂ ಹೋಲಿಸು ಎಂದ. ಅಕ್ಷರಗಳ ವಿತರಣೆಯನ್ನು ಬಳಸಿ ಅಡಗಿದ್ದನ್ನು ಊಹಿಸುವ ವಿಧಾನ ಇದು. ಇಲ್ಲಿ ಜೂಜಿನ ವಾಸನೆಯೂ ಇಲ್ಲ. ವರ್ತಕ ಸುಲೇಮಾನನ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬ್ಬಿ ಬರಹ, ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ 'ಬಲ್ಹರಾ'ನನ್ನು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ಅರಸ. ಎರಡು ನಾಡುಗಳ ನಡುವೆ ಸರಕು ಓಡಾಡುತ್ತಿತ್ತು, ಅಂಕಿಗಳೂ ಓಡಾಡಿದವು. ಮುಂದೆ ಭಾಸ್ಕರಾಚಾರ್ಯನ ಸಂಸ್ಕೃತ 'ಲೀಲಾವತಿ'ಯನ್ನು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಪಾರ್ಸಿಗೆ ತಂದ.

ದಾಳದ ಲೆಕ್ಕ ಶಾಸ್ತ್ರವಾದದ್ದು ಯುರೋಪಿನಲ್ಲಿ. ಮೂರು ದಾಳ ಎಸೆದಾಗ 9ಕ್ಕಿಂತ 10 ಏಕೆ ಹೆಚ್ಚು ಬೀಳುತ್ತದೆ ಎಂಬ ಪ್ರಶ್ನೆಗೆ 17ನೆಯ ಶತಮಾನದ ಆರಂಭದಲ್ಲಿ ಗೆಲಿಲಿಯೋ ಉತ್ತರ ಕೊಟ್ಟ. 216 ಬಗೆಗಳಲ್ಲಿ 9 ಬರುವುದು 25 ಸಲ, 10 ಬರುವುದು 27 ಸಲ. ಅರ್ಧಕ್ಕೆ ನಿಂತ ಆಟದ ಹಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂದು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. 1657ರಲ್ಲಿ ಹೈಗನ್ಸ್ ಇದರ ಮೇಲೆ ಪುಸ್ತಕ ಬರೆದು 'ನಿರೀಕ್ಷಿತ ಬೆಲೆ'ಯ ಲೆಕ್ಕ ಕೊಟ್ಟ. ಮೇಲೆ ನಾವು ಕಂಡ ಎರಡೂವರೆ ಅದೇ. 1713ರಲ್ಲಿ ಅಚ್ಚಾದ ಯಾಕೋಬ್ ಬರ್ನೌಲಿಯ ಗ್ರಂಥ, ಪ್ರಯೋಗಗಳು ಹೆಚ್ಚಿದಂತೆ ಫಲಿತದ ಪ್ರಮಾಣ ನಿಜವಾದ ಸಂಭವಕ್ಕೆ ಹತ್ತಿರವಾಗುತ್ತದೆಂದು ಸಾಧಿಸಿತು. 1933ರಲ್ಲಿ ರಷ್ಯದ ಕೊಲ್ಮೊಗೊರೊವ್ ಇಡೀ ಶಾಸ್ತ್ರಕ್ಕೆ ಗಟ್ಟಿ ತಳಹದಿ ಹಾಕಿದ.

ಇದೆಲ್ಲ ನಮ್ಮ ಭಾಗದ ಮಕ್ಕಳಿಗೆ ಯಾಕೆ ಬೇಕು ಎಂದು ಕೇಳಬಹುದು. ನಮ್ಮ ಓಣಿಯಲ್ಲಿ ಒಬ್ಬರಿದ್ದರು. ಹೆಂಡತಿಯ ಬೀಡಿ ಮಜೂರಿಯನ್ನು ಸಂಜೆಯಾದರೆ ಮಟಕಾಕ್ಕೆ ಕೊಟ್ಟು ಬರುತ್ತಿದ್ದರು. ಮಟಕಾದ ಹುಟ್ಟೂ ಒಂದು ಇತಿಹಾಸವೇ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಬಾಜಿ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ದರಗಳು ನಿಂತಾಗ ಮಡಕೆಯಿಂದ ಚೀಟಿ ಎತ್ತತೊಡಗಿದರು. 'ಓಪನ್-ಕ್ಲೋಸ್' ಎಂಬ ಹೆಸರು ಮಾತ್ರ ಉಳಿದು 'ಓಸಿ'ಯಾಗಿ ನಮ್ಮ ಹಳ್ಳಿಗಳಿಗೆ ಬಂತು. ನಮ್ಮ ನೆರೆಯವರು ಹೇಳುತ್ತಿದ್ದುದು ಹೀಗೆ: 'ಹತ್ತು ದಿನದಿಂದ ನಾಕು ಬಂದಿಲ್ಲ, ಇವತ್ತು ಬರಲೇಬೇಕು.' ಹುಣಸೆ ಬೀಜಕ್ಕೆ ನೆನಪಿಲ್ಲ, ಮಡಕೆಗೂ ಇಲ್ಲ ಎಂದು ಅವರಿಗೆ ಹೇಳಿದವರಿರಲಿಲ್ಲ. ಹತ್ತು ಅಂಕಿಗಳಿಗೂ ಸಮ ಅವಕಾಶವಿದೆ, ಗೆದ್ದರೆ ರೂಪಾಯಿಗೆ ಒಂಬತ್ತು ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ಕೈಗೆ ಮರಳುವ ಹಣವೇ ಇಲ್ಲಿ ಯಾದೃಚ್ಛಿಕ ಚರ. ಹತ್ತರಲ್ಲಿ ಒಂಬತ್ತು ಪಾಲು ಸೊನ್ನೆ, ಒಂದು ಪಾಲು ಒಂಬತ್ತು ರೂಪಾಯಿ. ನಿರೀಕ್ಷಿತ ಬೆಲೆ 90 ಪೈಸೆ. ರೂಪಾಯಿಗೆ ಹತ್ತು ಪೈಸೆ ಮೊದಲೇ ಹೋಗಿದೆ. ದಿನಕ್ಕೆ ಹತ್ತು ರೂಪಾಯಿಯಂತೆ 300 ದಿನ ಕಟ್ಟಿದರೆ ಸರಾಸರಿ 300 ರೂಪಾಯಿ ಖೋತಾ. ಗೆದ್ದ ಹಣವನ್ನೂ ಮತ್ತೆ ಅಲ್ಲೇ ಸುರಿದರೆ ಖೋತಾ ಇನ್ನೂ ಬೆಳೆಯುತ್ತದೆ. ಕೊನೆಗೆ ಆ ಮನೆಯಾಕೆಯ ಕಿವಿಯ ಬುಗುಡಿಗಳೂ ಹೋದವು.

ಬೀಡಿಯದೂ ಒಂದು ಲೆಕ್ಕವಿದೆ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ತಪಾಸಣೆ ಮಾಡುವವನು ಒಂದೆರಡು ಕಟ್ಟು ಬಿಚ್ಚಿ ನೋಡಿ, ಇಷ್ಟು 'ಛಾಟ್' ಎಂದು ಇಡೀ ಸಾವಿರಕ್ಕೆ ಕಡಿತ ಹೇಳುವುದನ್ನು ನಾವು ಕಂಡಿದ್ದೇವೆ. ನಳನ ಕಥೆಯಲ್ಲಿ ಋತುಪರ್ಣ ರಾಜ ತಾರೆ ಮರವನ್ನು ನೋಡಿಯೇ ಅದರ ಎರಡು ಕೊಂಬೆಗಳ ಎಲೆ, ಕಾಯಿಗಳ ಲೆಕ್ಕ ಹೇಳಿದ. ನಳ ಮರ ಕಡಿದು ಎಣಿಸಿದ ಮೇಲಷ್ಟೇ ನಂಬಿದ. ಮಾದರಿಯಿಂದ ಪೂರ್ತಿಯನ್ನು ಊಹಿಸಬಹುದು, ಆದರೆ ಮಾದರಿಯನ್ನು ಕೈ ಬಂದಂತೆ ಆರಿಸಬಾರದು, ಎಣಿಸಿ ನೋಡುವ ಹಕ್ಕು ಎದುರಿನವರಿಗೂ ಇರಬೇಕು. ಈ ಊಹೆ ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ 1945ರಲ್ಲಿ ಮಿತಿಯನ್ನು ತೋರಿಸಿದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮದೇ ಹೂವಿನಹಡಗಲಿಯಲ್ಲಿ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ 102ರ ವಯಸ್ಸಿನಲ್ಲಿ ತೀರಿಕೊಂಡರು. ಹೂವಿನಬಾಗೆಯಿಂದ ಹೂವಿನಹಡಗಲಿಯವರೆಗಿನ ಈ ದಾರಿ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಕೊನೆಗೆ ನೀರಿನ ಮಾತು. 2005ರಲ್ಲಿ, 2019ರಲ್ಲಿ ಕೃಷ್ಣೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ದಂಡೆಯ ಊರುಗಳಿಗೆ ನುಗ್ಗಿದಳು. 2021ರಲ್ಲಿ ವೇದಗಂಗೆ ನಿಪ್ಪಾಣಿಯ ಬಳಿ ಹೆದ್ದಾರಿಯನ್ನೇ ಮುಳುಗಿಸಿದಳು. 'ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ' ಎಂಬ ಮಾತು ಕೇಳಿದಾಗ ಜನ, ಬಂತಲ್ಲ, ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಇದು ಮಟಕಾದವರ ತಪ್ಪೇ, ತಿರುಗಿಸಿ ಹೇಳಿದ್ದು. ಆ ಮಾತಿನ ಅರ್ಥ, ಪ್ರತಿ ವರ್ಷವೂ ನೂರರಲ್ಲಿ ಒಂದು ಸಂಭವ ಎಂದಷ್ಟೇ. ಮಳೆಗೂ ಕಳೆದ ವರ್ಷದ ನೆನಪಿಲ್ಲ ಎಂದಿಟ್ಟುಕೊಂಡರೆ, ಹೊಳೆದಂಡೆಯ ಮನೆಯಲ್ಲಿ 30 ವರ್ಷ ಬಾಳುವವರಿಗೆ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ನೂರರಲ್ಲಿ ಸುಮಾರು 26. ಇದು ಗೊತ್ತಿದ್ದವನು ಮನೆಯ ಪಾಯ ಎಲ್ಲಿ ತೆಗೆಯಬೇಕೆಂದು ಎರಡು ಸಲ ಯೋಚಿಸುತ್ತಾನೆ. ಮನೆ ಮುಳುಗುವುದು ಹಣೆಬರಹ, ತಕದೀರ್ ಎಂದು ಸುಮ್ಮನಾಗುವವರೂ ಆ ಪ್ರಶ್ನೆಯನ್ನು ಸರಕಾರಕ್ಕೆ ಕೇಳಬಹುದು.

ನಮ್ಮ ಶಾಲೆಗಳ ಮಾಸ್ತರರಲ್ಲಿ ಒಂದು ವಿನಂತಿ. ಪಾಠ ಆರಂಭಿಸುವ ಮೊದಲು ಮಕ್ಕಳ ಕೈಗೆ ನಾಲ್ಕು ಹುಣಸೆ ಬೀಜ ಕೊಡಿ, ಎಸೆದು ಬರೆಯಲು ಹೇಳಿ. ಆಮೇಲೆ ಮಟಕಾದ ಲೆಕ್ಕ ಮಾಡಿಸಿ. ನಮ್ಮ ನಾನಿ ಅಂದು ಹೇಳಿದ್ದು ಸರಿಯೇ ಆಗಿತ್ತು. ಹುಣಸೆ ಬೀಜದಲ್ಲಿ ತಪ್ಪಿರಲಿಲ್ಲ, ದುಡ್ಡು ಕಟ್ಟುವುದರಲ್ಲಿತ್ತು. ಅದನ್ನು ನಾವು ಗಣಿತದಿಂದ ತಿಳಿದುಕೊಳ್ಳುವಷ್ಟರಲ್ಲಿ ಅವರು ನಮ್ಮ ಜೊತೆಗಿರಲಿಲ್ಲ.