ರಂಗದ ಚಾಣಕ್ಯ, ಕಡತದ ಕೌಟಿಲ್ಯ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಒಬ್ಬ ‘ಆಧುನಿಕ ಚಾಣಕ್ಯ’ ಕಾಣಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಶಾಸಕರನ್ನು ರಾತ್ರೋರಾತ್ರಿ ಬಸ್ಸು ಹತ್ತಿಸಿ ರೆಸಾರ್ಟಿನಲ್ಲಿ ಕೂಡಿಹಾಕಿದವನಿಗೂ ಅದೇ ಬಿರುದು, ಅವರನ್ನು ಅಲ್ಲಿಂದ ಹೊರಗೆಳೆದು ತಂದವನಿಗೂ ಅದೇ ಬಿರುದು. ದೆಹಲಿವಾಸಿಗಳಾದ ನಮಗಂತೂ ಈ ಹೆಸರು ಇನ್ನಷ್ಟು ಪರಿಚಿತ. ಹೊರದೇಶಗಳ ರಾಯಭಾರ ಕಚೇರಿಗಳಿರುವ ಬಡಾವಣೆಯೇ ಚಾಣಕ್ಯಪುರಿ. ಹೆಸರು ಇಷ್ಟೊಂದು ಚಲಾವಣೆಯಲ್ಲಿರುವಾಗ, ಆ ಹೆಸರಿನ ಹಿಂದಿರುವ ಗ್ರಂಥ ಇಂದಿನ ರಾಜಕೀಯವನ್ನು ಅರಿಯಲು ನಿಜಕ್ಕೂ ಎಷ್ಟು ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂದು ವಿಚಾರಿಸುವುದು ಅಗತ್ಯವೆನಿಸುತ್ತದೆ.

ನಮ್ಮ ಜನಕ್ಕೆ ಗೊತ್ತಿರುವ ಚಾಣಕ್ಯ ಮುಖ್ಯವಾಗಿ ರಂಗಭೂಮಿಯವನು. ಶಿಖೆ ಬಿಚ್ಚಿ ಪ್ರತಿಜ್ಞೆ ಮಾಡಿದ ಬ್ರಾಹ್ಮಣ, ಮುದ್ರೆಯುಂಗುರದ ತಂತ್ರದಿಂದ ರಾಕ್ಷಸನನ್ನು ಒಲಿಸಿಕೊಂಡ ಮಂತ್ರಿ, ಇವರೆಲ್ಲ ಕಥೆಗಳಿಂದಲೂ ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಿಂದಲೂ ಬಂದವರು. ಕನ್ನಡದಲ್ಲಿ ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವನ್ನು ಗದ್ಯದಲ್ಲಿ ಬರೆದು ಆ ಕಥೆಯನ್ನು ನಮ್ಮದಾಗಿಸಿದ. 1991ರಲ್ಲಿ ದೂರದರ್ಶನದ ಧಾರಾವಾಹಿ ಅದನ್ನು ಮನೆಮನೆಗೆ ಮುಟ್ಟಿಸಿತು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಇಲ್ಲೊಂದು ಹೋಲಿಕೆ ತೋರುತ್ತದೆ. ಮೆಕಿಯವೆಲಿಯ ‘ದಿ ಪ್ರಿನ್ಸ್’ ಇಂಗ್ಲಿಷಿನಲ್ಲಿ ಅಚ್ಚಾದದ್ದು 1640ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಮಾರ್ಲೋ ತನ್ನ ‘ಜ್ಯೂ ಆಫ್ ಮಾಲ್ಟಾ’ ನಾಟಕದ ಮುನ್ನುಡಿಯಲ್ಲಿ ಮೆಕಿಯವೆಲಿಯನ್ನೇ ರಂಗಕ್ಕೆ ತಂದು ನಿಲ್ಲಿಸಿದ್ದ. ಪುಸ್ತಕ ಬರುವ ಮೊದಲೇ ಖಳನಾಯಕ ಬಂದಿದ್ದ. ನಮ್ಮಲ್ಲೂ ಆದದ್ದು ಅದೇ.

ಏಕೆಂದರೆ ಅರ್ಥಶಾಸ್ತ್ರವೆಂಬ ಗ್ರಂಥ ಶತಮಾನಗಳ ಕಾಲ ವಿದ್ವಾಂಸರಿಗೂ ಉಲ್ಲೇಖಗಳಲ್ಲಷ್ಟೇ ಸಿಗುತ್ತಿತ್ತು. ತಂಜಾವೂರು ಪ್ರಾಂತದ ಒಬ್ಬ ಪಂಡಿತರು ಅದರ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು. ಹಾಸನ ಜಿಲ್ಲೆಯ ರುದ್ರಪಟ್ಟಣದವರಾದ ಆರ್. ಶಾಮಶಾಸ್ತ್ರಿಗಳು ಅಲ್ಲಿ ಗ್ರಂಥಪಾಲರಾಗಿದ್ದರು. ಗ್ರಂಥಲಿಪಿಯಲ್ಲಿದ್ದ ಆ ಓಲೆಗಳನ್ನು ಬಿಡಿಸಿ ಓದಿ ಅದು ಏನೆಂದು ಗುರುತಿಸಿದವರು ಅವರು. 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸತೊಡಗಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಪೂರ್ಣ ಅನುವಾದವನ್ನೂ ಹೊರತಂದರು. ಭಾರತೀಯರಿಗೆ ಮೋಕ್ಷಚಿಂತನೆ ಉಂಟು, ರಾಜ್ಯಚಿಂತನೆ ಇಲ್ಲ ಎಂಬ ಪಾಶ್ಚಾತ್ಯ ಅಭಿಪ್ರಾಯಕ್ಕೆ ಮೈಸೂರಿನಿಂದ ಹೊರಟ ಈ ಉತ್ತರ ಎಂಥ ಸಂಚಲನ ಉಂಟುಮಾಡಿತೆಂಬುದನ್ನು ಇಂದು ಊಹಿಸುವುದೂ ಕಷ್ಟ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ, ಈ ಗ್ರಂಥದ ಮುಂದೆ ಮೆಕಿಯವೆಲಿ ನಿರುಪದ್ರವಿ ಎಂಬರ್ಥದ ಮಾತನಾಡಿದ. ಕೆ. ಪಿ. ಜಯಸ್ವಾಲರು 1924ರ ‘ಹಿಂದೂ ಪಾಲಿಟಿ’ಯಲ್ಲಿ ಪ್ರಾಚೀನ ಗಣರಾಜ್ಯಗಳನ್ನು ಎತ್ತಿಹಿಡಿಯುವಾಗ ಇದನ್ನೂ ಸಾಕ್ಷಿಗೆ ಕರೆದರು. 1937ರಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ‘ಚಾಣಕ್ಯ’ ಎಂಬ ಹೆಸರಿನ ಲೇಖಕನೊಬ್ಬ, ಜವಾಹರಲಾಲ್ ನೆಹರೂ ಸರ್ವಾಧಿಕಾರಿಯಾಗಬಹುದು, ಎಚ್ಚರವಿರಲಿ ಎಂದು ಬರೆದ. ಬರೆದವರು ನೆಹರೂ ಅವರೇ. ಈ ಹೆಸರನ್ನು ಅಷ್ಟು ಚೆನ್ನಾಗಿ ಬಳಸಿಕೊಂಡ ರಾಜಕಾರಣಿ ಮತ್ತೊಬ್ಬರಿಲ್ಲವೆಂದೇ ನಮ್ಮ ಎಣಿಕೆ.

ಕಾಲ ಮತ್ತು ಕರ್ತೃತ್ವದ ಚರ್ಚೆಗೆ ಇಲ್ಲಿ ಹೆಚ್ಚು ಇಳಿಯುವುದಿಲ್ಲ. ಗ್ರಂಥದೊಳಗೆ ಚಂದ್ರಗುಪ್ತನ ಹೆಸರೂ ಇಲ್ಲ, ಪಾಟಲಿಪುತ್ರದ ಹೆಸರೂ ಇಲ್ಲ. ಒಂದಕ್ಕಿಂತ ಹೆಚ್ಚು ಕೈಗಳು ಇದರಲ್ಲಿ ಆಡಿವೆ ಎಂಬುದು ಟ್ರಾಟ್‌ಮನ್ ಮೊದಲಾದವರ ವಾದ. ನಮ್ಮ ಪ್ರಶ್ನೆಗೆ ಅದರಿಂದ ದೊಡ್ಡ ಬಾಧೆಯಿಲ್ಲ.

ಇಂದಿನ ಲೇಖನಗಳಲ್ಲಿ ಕೌಟಿಲ್ಯನಿಂದ ಅತಿ ಹೆಚ್ಚು ಎರವಲು ಬರುವ ಪರಿಕಲ್ಪನೆ ಮತ್ಸ್ಯನ್ಯಾಯ. ದಂಡವಿಲ್ಲದ ಕಡೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ. ಆದ್ದರಿಂದ ಜನರು ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದಲ್ಲಿ ಆರನೆಯ ಒಂದು ಪಾಲನ್ನೂ ಸರಕಿನಲ್ಲಿ ಹತ್ತನೆಯ ಒಂದು ಪಾಲನ್ನೂ ಅವನಿಗೆ ಗೊತ್ತುಮಾಡಿದರು. ಇದನ್ನು ಹಾಬ್ಸ್ 1651ರ ‘ಲೆವಯಥನ್’ನಲ್ಲಿ ಹೇಳಿದ ಸಾಮಾಜಿಕ ಒಪ್ಪಂದದ ಪಕ್ಕದಲ್ಲಿಟ್ಟು, ನಮ್ಮವರು ಅವನಿಗಿಂತ ಮೊದಲೇ ಹೇಳಿದ್ದರೆಂದು ಬೀಗುವುದುಂಟು. ಹೋಲಿಕೆ ತಪ್ಪೇನಲ್ಲ. ಆದರೆ ಈ ಮಾತು ಗ್ರಂಥದಲ್ಲಿ ಎಲ್ಲಿ ಬರುತ್ತದೆಂದು ನೋಡಿದರೆ ಬೆರಗಾಗುತ್ತದೆ. ಮೀನುಗಳ ಉಪಮೆಯನ್ನು ದಂಡವನ್ನು ಕುರಿತು ಹೇಳುವಾಗ ಶಾಸ್ತ್ರಕಾರ ತಾನೇ ಬಳಸುತ್ತಾನೆ, ನಿಜ. ಆದರೆ ಮನುವಿನ ಒಪ್ಪಂದದ ಕಥೆ ಬರುವುದು ಮೊದಲನೆಯ ಅಧಿಕರಣದ ಹದಿಮೂರನೆಯ ಅಧ್ಯಾಯದಲ್ಲಿ, ಗೂಢಚಾರರ ಬಾಯಲ್ಲಿ! ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನ ಸೇರುವ ಕಡೆಗಳಲ್ಲಿ ಇಬ್ಬರು ಗೂಢಚಾರರು ಸುಳ್ಳು ಜಗಳ ಹೂಡಬೇಕು. ರಾಜನಿಗೆ ಸದ್ಗುಣವಿದೆಯೆಂದು ಕೇಳುತ್ತೇವೆ, ಕಣ್ಣಿಗೆ ಕಾಣುವುದು ತೆರಿಗೆ ಮತ್ತು ದಂಡ ಮಾತ್ರ ಎಂದು ಒಬ್ಬ ಗೊಣಗಬೇಕು. ಮೀನುಗಳ ಮತ್ತು ಮನುವಿನ ಕಥೆ ಹೇಳಿ ಇನ್ನೊಬ್ಬ ಅವನ ಬಾಯಿ ಮುಚ್ಚಿಸಬೇಕು. ಕೇಳುತ್ತ ನಿಂತ ಜನ ತೆಪ್ಪಗಾಗುತ್ತಾರೆ.

ಎಂದರೆ, ಪ್ರಭುತ್ವದ ಹುಟ್ಟನ್ನು ವಿವರಿಸುವ ಸಿದ್ಧಾಂತ ಈ ಗ್ರಂಥದಲ್ಲಿ ಪ್ರಭುತ್ವದ ಪ್ರಚಾರ ಸಾಮಗ್ರಿಯೂ ಹೌದು. ಇಂದಿನ ಸಾಮಾಜಿಕ ಜಾಲತಾಣಗಳಲ್ಲಿ ಹಣ ಪಡೆದು ಎರಡೂ ಕಡೆಯಿಂದ ವಾದ ಹೂಡುವ ತಂಡಗಳನ್ನು ಕಂಡವರಿಗೆ ಈ ಅಧ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಓದಿದ ಯಾವ ಪಾಶ್ಚಾತ್ಯ ರಾಜ್ಯಶಾಸ್ತ್ರಜ್ಞನೂ ತನ್ನ ಸಿದ್ಧಾಂತ ಸಂತೆಯಲ್ಲಿ ಹೇಗೆ ಮಾರಾಟವಾಗುತ್ತದೆಂಬುದನ್ನು ಇಷ್ಟು ನಿರ್ಲಿಪ್ತವಾಗಿ ಬರೆದಿಟ್ಟಿಲ್ಲ. ಕೌಟಿಲ್ಯನನ್ನು ಮೆಚ್ಚಬೇಕಾದದ್ದು ಇಲ್ಲಿ, ಅಂಜಬೇಕಾದದ್ದೂ ಇಲ್ಲಿಯೇ.

ಗಣರಾಜ್ಯಗಳ ವಿಷಯವೂ ಹೀಗೆಯೇ. ಹನ್ನೊಂದನೆಯ ಅಧಿಕರಣದಲ್ಲಿ ಲಿಚ್ಛವಿ, ವೃಜಿ, ಮಲ್ಲ ಮೊದಲಾದ ಸಂಘಗಳ ಹೆಸರುಗಳಿವೆ. ರಾಷ್ಟ್ರೀಯವಾದಿ ಇತಿಹಾಸಕಾರರಿಗೆ ಇದು ಹಬ್ಬದೂಟವಾಯಿತು. ಆದರೆ ಅಧಿಕರಣದ ಉದ್ದೇಶ ಸಂಘಗಳ ಗುಣಗಾನವಲ್ಲ. ಒಗ್ಗಟ್ಟಾದ ಸಂಘವನ್ನು ಸೋಲಿಸುವುದು ಕಷ್ಟ, ಆದ್ದರಿಂದ ಅದರ ಮುಖಂಡರಲ್ಲಿ ಅಸೂಯೆ ಬಿತ್ತಿ, ಜೂಜು, ಹೆಂಡ, ಹೆಣ್ಣಿನ ನೆಪದಲ್ಲಿ ಕಲಹವೆಬ್ಬಿಸಿ ಒಡೆಯುವುದು ಹೇಗೆ ಎಂಬ ಬೋಧನೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್ ಅವರೂ ಪ್ರಾಚೀನ ಗಣರಾಜ್ಯಗಳನ್ನು ನೆನೆದರು. ಆದರೆ ಅವರು ಸಾಕ್ಷಿಯಾಗಿ ತೋರಿಸಿದ್ದು ಬೌದ್ಧ ಭಿಕ್ಷು ಸಂಘಗಳ ಸಭಾನಿಯಮಗಳನ್ನು: ಆಸನ ವ್ಯವಸ್ಥೆ, ಗೊತ್ತುವಳಿ, ಕೋರಂ, ಮತದಾನ. ಭಾರತ ಆ ಪ್ರಜಾಸತ್ತೆಯನ್ನು ಒಮ್ಮೆ ಕಳೆದುಕೊಂಡಿತು, ಮತ್ತೊಮ್ಮೆ ಕಳೆದುಕೊಂಡೀತೇ ಎಂಬ ಆತಂಕವನ್ನೂ ಅದರೊಂದಿಗೆ ಸೇರಿಸಿದರು. ಪ್ರಾಚೀನ ವಿಚಾರವನ್ನು ಇಂದಿನ ಕೆಲಸಕ್ಕೆ ತರುವುದಾದರೆ ಹೀಗೆ ತರಬೇಕೆಂದು ನಮಗೆ ಅನಿಸುತ್ತದೆ. ಶಾಸಕರ ಬಸ್ಸು ಹೊರಡುವಾಗ ನೆನಪಾಗಬೇಕಾದದ್ದು ಹನ್ನೊಂದನೆಯ ಅಧಿಕರಣವೇ. ಆದರೆ ನಾವು ನಿಲ್ಲಬೇಕಾದದ್ದು ಒಡೆಯುವವನ ಪಕ್ಕದಲ್ಲಲ್ಲ, ಒಡೆದುಹೋಗುತ್ತಿರುವ ಸಂಘದ ಪಕ್ಕದಲ್ಲಿ.

ಮಂಡಲ ಸಿದ್ಧಾಂತದ ಬಗ್ಗೆ, ಅಂದರೆ ನೆರೆಯವನು ಶತ್ರು, ಅವನಾಚೆಯವನು ಮಿತ್ರ ಎಂಬ ಲೆಕ್ಕಾಚಾರದ ಬಗ್ಗೆ ಈಗಾಗಲೇ ಬೇಕಾದಷ್ಟು ಬಂದಿದೆ. ಬಿಡೋಣ.

ನಮ್ಮಂಥ ಸರ್ಕಾರಿ ನೌಕರರನ್ನು ತಡೆದು ನಿಲ್ಲಿಸುವುದು ಯಾರೂ ಉದ್ಧರಿಸದ ಎರಡನೆಯ ಅಧಿಕರಣ, ಅಧ್ಯಕ್ಷಪ್ರಚಾರ. ವಿಷಕನ್ಯೆಯರ ಸುಳಿವಿಲ್ಲದ, ಲೆಕ್ಕಪತ್ರ, ಉಗ್ರಾಣ, ಸುಂಕ, ತೂಕದ ಬಟ್ಟುಗಳ ಪ್ರಪಂಚ ಅದು. ಲೆಕ್ಕದ ವರ್ಷಕ್ಕೆ 354 ದಿನ. ಆಷಾಢದ ಹುಣ್ಣಿಮೆಗೆ ಮುಕ್ತಾಯ. ಲೆಕ್ಕಿಗರು ಮುದ್ರೆಯೊತ್ತಿದ ಪುಸ್ತಕಗಳನ್ನೂ ಉಳಿಕೆಯ ಹಣವನ್ನೂ ಹೊತ್ತು ಬರಬೇಕು, ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಂತಿಲ್ಲ. ಮಾರ್ಚ್ ಕೊನೆಯ ವಾರದ ಯಾವ ಕಚೇರಿಯ ನೆನಪೂ ಬಾರದೆ ಇದನ್ನು ಓದುವುದು ನಮ್ಮಿಂದಾಗದು. ಹಣ ನುಂಗುವ ನಲವತ್ತು ವಿಧಾನಗಳ ಪಟ್ಟಿಯಲ್ಲಿ ಬಂದದ್ದನ್ನು ಬಂದಿಲ್ಲವೆಂದು ಬರೆಯುವುದು, ಕೊಡದ್ದನ್ನು ಕೊಟ್ಟಂತೆ ತೋರಿಸುವುದು, ದಿನಗಳ ಎಣಿಕೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಎಲ್ಲ ಇವೆ. ಮಸ್ಟರ್ ರೋಲ್ ಎಂಬ ಪದವೊಂದೇ ಹೊಸದು.

ಇಲ್ಲಿನ ಒಂದು ಸೂತ್ರವನ್ನು ನಾವು ಇಡೀ ಗ್ರಂಥದ ಸಾರವೆಂದೇ ಭಾವಿಸುತ್ತೇವೆ. ಆದಾಯ ಕುಗ್ಗಿಸುವ ಅಧಿಕಾರಿ ರಾಜನ ಸೊತ್ತನ್ನು ತಿನ್ನುತ್ತಾನೆ. ಇದು ಎಲ್ಲರೂ ಹೇಳುವ ಮಾತು. ಆದಾಯವನ್ನು ಇಮ್ಮಡಿ ಮಾಡಿ ತೋರಿಸುವವನು ಜನಪದವನ್ನು ತಿನ್ನುತ್ತಾನೆ ಎಂದೂ ಕೌಟಿಲ್ಯ ಸೇರಿಸುತ್ತಾನೆ. ಗುರಿಗಿಂತ ಎರಡು ಪಟ್ಟು ಸಾಧಿಸಿದವನಿಗೆ ಪ್ರಶಸ್ತಿಪತ್ರ ಕೊಡುವುದನ್ನು ಮಾತ್ರ ಬಲ್ಲ ನಮ್ಮ ಕಾಲಕ್ಕೆ, ಆ ಎರಡನೆಯ ಪಟ್ಟು ಯಾರ ಹೊಟ್ಟೆಯಿಂದ ಬಂತೆಂದು ವಿಚಾರಿಸಬೇಕೆನ್ನುವ ಈ ಮಾತು ಕಹಿಯಾಗಿ ತೋರಬಹುದು. ಸಾಲ ವಸೂಲಿಯಿರಲಿ, ದಂಡ ವಸೂಲಿಯಿರಲಿ, ಅಂಕಿಯೇ ಸಾಧನೆಯಾದ ಕಡೆಗಳಲ್ಲೆಲ್ಲ ಇದು ಅನ್ವಯಿಸುತ್ತದೆ. ಇಲಾಖೆಗೆ ಒಬ್ಬನೇ ಮುಖ್ಯಸ್ಥ ಬೇಡ, ಇರುವವರೂ ಅಲ್ಲಿಯೇ ಬೇರೂರುವುದು ಬೇಡ ಎಂಬ ವಿಧಿಯೂ ಇದೇ ಅಪನಂಬಿಕೆಯ ಕೂಸು. ವರ್ಗಾವಣೆಯ ಆದೇಶ ಕೈಗೆ ಬಂದಾಗ ನಮಗೆ ನಾವೇ ಹೇಳಿಕೊಳ್ಳಬಹುದಾದ ಸಮಾಧಾನ!

ಹಾಗೆಂದು ಗ್ರಂಥವನ್ನು ಇಡಿಯಾಗಿ ಹೊತ್ತು ತರಲಾಗದು. ಅದರಲ್ಲಿ ಒಂದೇ ಅಪರಾಧಕ್ಕೆ ವರ್ಣಾನುಸಾರ ಬೇರೆಬೇರೆ ದಂಡಗಳಿವೆ. ನಮ್ಮ ಸಂವಿಧಾನದ 14ನೆಯ ವಿಧಿ ನಿಂತಿರುವುದೇ ಅದರ ನಿರಾಕರಣೆಯ ಮೇಲೆ. ಪ್ರಜೆಯ ಸುಖದಲ್ಲೇ ರಾಜನ ಸುಖವನ್ನು ಕಾಣುವ ಶಾಸ್ತ್ರಕಾರ ಆ ಪ್ರಜೆಗೆ ಲೆಕ್ಕ ಕೇಳುವ ಹಕ್ಕನ್ನು ಕೊಡುವುದಿಲ್ಲ. ಅಧಿಕಾರಿಯ ಕಳವನ್ನು ತಿಳಿಸಿದವನಿಗೆ ಅದು ಸಾಬೀತಾದರೆ ಆರನೆಯ ಒಂದು ಪಾಲು ಸಲ್ಲುತ್ತದೆ. ಅವನೇ ಸೇವಕನಾಗಿದ್ದರೆ ಹನ್ನೆರಡನೆಯ ಒಂದು. ಸಾಬೀತಾಗದಿದ್ದರೆ ಅವನಿಗೇ ಶಿಕ್ಷೆ. ಅಲ್ಲಿ ಅವನು ಮಾಹಿತಿದಾರನೇ ಹೊರತು ಪೌರನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕುವವನು ಏಕೆ ಕೇಳುತ್ತಿದ್ದೇನೆಂದು ಹೇಳಬೇಕಾಗಿಯೂ ಇಲ್ಲ. ಆಷಾಢದಲ್ಲಿ ಮುದ್ರೆಯೊತ್ತಿ ತಂದ ಆ ಪುಸ್ತಕಗಳು ತೆರೆಯುತ್ತಿದ್ದದ್ದು ಅರಮನೆಯೊಳಗೆ. ಇಂದು ಮಹಾಲೇಖಪಾಲರು ಕೇಂದ್ರದ ಲೆಕ್ಕಗಳ ಬಗ್ಗೆ ಬರೆದ ವರದಿಯನ್ನು ರಾಷ್ಟ್ರಪತಿಗಳು 151ನೆಯ ವಿಧಿಯಂತೆ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸಬೇಕು. ಅಲ್ಲಿಂದಾಚೆ ಅದನ್ನು ಯಾರು ಬೇಕಾದರೂ ಓದಬಹುದು.