ಜಿಕೆ-12: ಸಂಶೋಧನಾ ವಿದ್ಯಾರ್ಥಿಗಳು ಶಾಲೆಗೆ ಬಂದ ಕಥೆ

ಕ್ಯಾರಲ್ಟನ್: ನಮ್ಮ ಮಕ್ಕಳ ವಿಜ್ಞಾನ ತರಗತಿಗೆ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರು ವಾರವಾರವೂ ಬಂದರೆ ಹೇಗೆ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1999ರಲ್ಲಿ ಆರಂಭಿಸಿದ ಜಿಕೆ-12 ಯೋಜನೆಯ ಉದ್ದೇಶವೇ ಇದು. ಟೆಕ್ಸಾಸ್‌ನಲ್ಲಿ ಆಸ್ಟಿನ್, ಹ್ಯೂಸ್ಟನ್ ವಿಶ್ವವಿದ್ಯಾಲಯಗಳೂ ಇದರಲ್ಲಿ ಪಾಲ್ಗೊಂಡಿದ್ದವು.

ಆಯ್ಕೆಯಾದವರಿಗೆ ವರ್ಷಕ್ಕೆ 30,000 ಡಾಲರ್‌ವರೆಗೆ ಫೆಲೋಶಿಪ್ ಸಿಗುತ್ತಿತ್ತು. ವಾರಕ್ಕೆ ಸುಮಾರು 10 ಗಂಟೆ ಶಾಲೆಯಲ್ಲಿ, 5 ಗಂಟೆ ತಯಾರಿಗೆ. ತರಗತಿಯ ಹೊಣೆ ಶಿಕ್ಷಕರದೇ. ಪ್ರಯೋಗ ಹೊಂದಿಸುವುದು, ತಮ್ಮ ಸಂಶೋಧನೆಯನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವುದು ವಿದ್ಯಾರ್ಥಿಗಳ ಕೆಲಸ.

ಲಾಭ ಮಕ್ಕಳಿಗೆ ಮಾತ್ರವಲ್ಲ. ಸಂಶೋಧನೆಯ ಜೊತೆಗೆ ಪಾಠವನ್ನೂ ಮಾಡಿದವರು ಪ್ರಯೋಗಗಳನ್ನು ರೂಪಿಸುವುದರಲ್ಲಿ ಹೆಚ್ಚು ಪಳಗಿದ್ದರೆಂದು 2011ರಲ್ಲಿ 'ಸೈನ್ಸ್' ಪತ್ರಿಕೆಯ ಅಧ್ಯಯನವೊಂದು ತಿಳಿಸಿತು.

ಆದರೆ ಈ ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿ ಬಂದ ನಮ್ಮ ಹುಡುಗ ಹುಡುಗಿಯರಿಗೆ ಅವಕಾಶವಿರಲಿಲ್ಲ. 2010ರ ದಶಕದ ಆರಂಭದಲ್ಲಿ ಹೊಸ ಅನುದಾನವೂ ನಿಂತಿತು.

ಯೋಜನೆ ಮುಗಿದರೂ ಅದರ ಪಾಠ ಉಳಿದಿದೆ: ಒಂದು ದಿನದ ಭಾಷಣಕ್ಕಿಂತ ವರ್ಷವಿಡೀ ಶಿಕ್ಷಕರ ಜೊತೆಗಿರುವುದು ಮೇಲು. ನಮ್ಮಲ್ಲಿ ವಿಜ್ಞಾನ ಓದಿದವರಿಗೇನು ಕೊರತೆ? ಮಗುವಿನ ಶಿಕ್ಷಕರನ್ನು ಒಮ್ಮೆ ಕೇಳಿ ನೋಡಿ. ಸ್ವಯಂಸೇವಕರಾಗುವ ಮುನ್ನ ಶಾಲೆಯವರು ಹಿನ್ನೆಲೆ ಪರಿಶೀಲಿಸುತ್ತಾರೆ; ಅದಕ್ಕೂ ಸಮಯವಿಟ್ಟುಕೊಳ್ಳಿ.