ಪೆಟ್ ಸೌಂಡ್ಸ್: ಕಂಪನಿಗೆ ಬೇಡವಾಗಿದ್ದ 36 ನಿಮಿಷ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತಿನ ಕಥೆಗೆ ಅದು ಬೇಕೇ ಬೇಕು. 13 ಟ್ರ್ಯಾಕ್, ಸುಮಾರು 36 ನಿಮಿಷ. 1966ರ ಮೇ 16ರಂದು ಅಮೆರಿಕದಲ್ಲಿ ಬಿಡುಗಡೆಯಾದ ಆಲ್ಬಂ. ಹೆಸರು ‘ಪೆಟ್ ಸೌಂಡ್ಸ್’. ಬ್ಯಾಂಡ್, ದಿ ಬೀಚ್ ಬಾಯ್ಸ್.

ಬೀಚ್ ಬಾಯ್ಸ್ ಅಂದ್ರೆ ಕ್ಯಾಲಿಫೋರ್ನಿಯಾದ ಒಂದು ಮನೆಮಂದಿಯ ಬ್ಯಾಂಡ್. ಬ್ರಯನ್, ಡೆನಿಸ್, ಕಾರ್ಲ್ ವಿಲ್ಸನ್ ಅನ್ನೋ ಮೂವರು ಅಣ್ಣತಮ್ಮಂದಿರು, ಕಸಿನ್ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್. ಸರ್ಫಿಂಗ್, ಕಾರು, ಹುಡುಗಿಯರು, ಇದೇ ಅವರ ಹಿಟ್ ಫಾರ್ಮುಲಾ. ತಮಾಷೆ ನೋಡಿ, ಮೂವರು ಅಣ್ಣತಮ್ಮಂದಿರಲ್ಲಿ ನಿಜವಾಗಿ ಸರ್ಫಿಂಗ್ ಮಾಡ್ತಿದ್ದವರು ಡೆನಿಸ್ ಒಬ್ಬರೇ.

ಹಾಡು ಕಟ್ಟುವ ಹೊರೆಯೆಲ್ಲ ಬ್ರಯನ್ ಮೇಲಿತ್ತು. 1964ರ ಡಿಸೆಂಬರ್‌ನಲ್ಲಿ ಟೂರ್‌ಗೆ ಹೊರಟ ವಿಮಾನದಲ್ಲೇ ಅವರು ಕುಸಿದು ಅತ್ತುಬಿಟ್ಟರು. ಆಗ ವಯಸ್ಸು 22. ಆಮೇಲೆ ಟೂರ್ ಬಿಟ್ಟು ಸ್ಟುಡಿಯೋನೇ ಮನೆ ಮಾಡ್ಕೊಂಡರು.

1965ರ ಕೊನೆಯಲ್ಲಿ ಬೀಟಲ್ಸ್‌ನ ‘ರಬ್ಬರ್ ಸೋಲ್’ ಬಂತು. ಆ ಕಾಲದ ಪಾಪ್ ಆಲ್ಬಂ ಹೇಗಿರ್ತಿತ್ತು ಗೊತ್ತಾ? ಎರಡು ಮೂರು ಹಿಟ್ ಹಾಡು, ಉಳಿದದ್ದು ಜಾಗ ತುಂಬೋಕೆ. ಇದರಲ್ಲಿ ಹಾಗಿರಲಿಲ್ಲ. ಇಡೀ ಆಲ್ಬಂ ಒಂದೇ ಉಸಿರಿನಲ್ಲಿ ಕೇಳುವಂತಿತ್ತು. ಬ್ರಯನ್‌ಗೆ ಅದು ಸವಾಲಾಯ್ತು.

ಉಳಿದವರು ಜಪಾನ್ ಟೂರ್‌ನಲ್ಲಿದ್ದಾಗ ಬ್ರಯನ್, ಟೋನಿ ಆಶರ್ ಎಂಬ ಜಾಹೀರಾತು ಬರಹಗಾರರ ಜೊತೆ ಕೂತರು. ಇಬ್ಬರೂ ಸೇರಿ ಎಂಟು ಹಾಡು ಬರೆದರು. ಬೀಚ್ ಇಲ್ಲ, ಕಾರ್ ಇಲ್ಲ. ದೊಡ್ಡವನಾಗುವ ಭಯ, ಪ್ರೀತಿ ಉಳಿಯುತ್ತಾ ಅನ್ನೋ ಅನುಮಾನ, ಎಲ್ಲೂ ಸೇರದವನ ಒಂಟಿತನ. 23ರ ಹುಡುಗನ ಮನಸ್ಸಲ್ಲಿ ಇದ್ದದ್ದು ಇದೇ ತಾನೇ?

ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ವಾದ್ಯ ನುಡಿಸಿದವರು ಬಾಡಿಗೆ ಕಲಾವಿದರು. ಡ್ರಮ್ಸ್‌ಗೆ ಹಾಲ್ ಬ್ಲೇನ್, ಬೇಸ್ ಗಿಟಾರ್‌ಗೆ ಕ್ಯಾರಲ್ ಕೇ. ಯಾರು ಏನು ನುಡಿಸಬೇಕು ಅಂತ ಬ್ರಯನ್ ಬಾಯಲ್ಲೇ ಹಾಡಿ ತೋರಿಸ್ತಿದ್ದರು. ಸೈಕಲ್ ಬೆಲ್ಲು, ಖಾಲಿ ಡಬ್ಬ, ಕೊನೆಗೆ ಮನೆಯ ನಾಯಿಗಳು ಕೂಡ ರೆಕಾರ್ಡ್ ಆದವು. ಆದರೆ ಆಲ್ಬಂ ಕವರ್ ಮೇಲೆ ಈ ಕಲಾವಿದರ ಹೆಸರೇ ಇರಲಿಲ್ಲ. ಅಲ್ಲಿದ್ದದ್ದು ಸ್ಯಾನ್ ಡಿಯಾಗೋ ಝೂನಲ್ಲಿ ಆಡುಗಳಿಗೆ ತಿನ್ನಿಸುತ್ತಿರುವ ಬ್ಯಾಂಡ್‌ನ ಫೋಟೋ!

ತಂತ್ರಜ್ಞಾನ ಎಷ್ಟಿತ್ತು? ಟೇಪ್‌ನಲ್ಲಿ ನಾಲ್ಕೇ ಟ್ರ್ಯಾಕ್. ವಾದ್ಯಗಳನ್ನೆಲ್ಲ ಮೊದಲು ಅದರಲ್ಲಿ ರೆಕಾರ್ಡ್ ಮಾಡೋದು, ಎಲ್ಲವನ್ನೂ ಬೆರೆಸಿ ಇನ್ನೊಂದು ಟೇಪ್‌ನ ಒಂದೇ ಟ್ರ್ಯಾಕ್‌ಗೆ ಇಳಿಸೋದು, ಉಳಿದ ಟ್ರ್ಯಾಕ್‌ಗಳಲ್ಲಿ ದನಿ ತುಂಬೋದು. ಒಮ್ಮೆ ಬೆರೆಸಿದ ಮೇಲೆ ‘ಅಂಡೂ’ ಇಲ್ಲ. ಇನ್ನೊಂದು ವಿಷಯ: ಬ್ರಯನ್‌ಗೆ ಬಲಗಿವಿ ಹೆಚ್ಚುಕಡಿಮೆ ಕೇಳಿಸ್ತಿರಲಿಲ್ಲ. ಆಲ್ಬಂ ಮಿಕ್ಸ್ ಆದದ್ದೂ ಮೋನೋದಲ್ಲೇ.

ಈಗ ಲೆಕ್ಕಕ್ಕೆ ಬರೋಣ, ಬಿಕಾಂ ಓದಿದವನ ಚಟ. ಅಮೆರಿಕದ ಚಾರ್ಟ್‌ನಲ್ಲಿ 10ನೇ ಸ್ಥಾನ. ಬೇರೆಯವರಿಗಾದ್ರೆ ಹಬ್ಬ; ಬೀಚ್ ಬಾಯ್ಸ್‌ಗೆ ಹಿನ್ನಡೆ. ಕ್ಯಾಪಿಟಲ್ ರೆಕಾರ್ಡ್ಸ್ ಏನು ಮಾಡಿತು? ಎರಡು ತಿಂಗಳೂ ಕಾಯದೆ, ಹಳೇ ಹಿಟ್‌ಗಳ ‘ಬೆಸ್ಟ್ ಆಫ್’ ಆಲ್ಬಂ ಮಾರುಕಟ್ಟೆಗೆ ಬಿಟ್ಟಿತು. ತನ್ನ ಹೊಸ ಸರಕಿಗೆ ತಾನೇ ಪೈಪೋಟಿ. ಆ ತ್ರೈಮಾಸಿಕಕ್ಕೆ ಅದು ಸರಿಯಾದ ಲೆಕ್ಕವೇ ಇರಬಹುದು. ಆದರೆ ‘ಪೆಟ್ ಸೌಂಡ್ಸ್’ಗೆ ಅಮೆರಿಕದಲ್ಲಿ ಅಧಿಕೃತ ಗೋಲ್ಡ್ ಸರ್ಟಿಫಿಕೇಟ್ ಸಿಗೋಕೆ 2000ನೇ ಇಸವಿ ಬರಬೇಕಾಯ್ತು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೇ ಆಯ್ತು. ಬ್ಯಾಂಡ್‌ಗೆ ಹೊಸದಾಗಿ ಸೇರಿದ್ದ ಬ್ರೂಸ್ ಜಾನ್‌ಸ್ಟನ್ ಆಲ್ಬಂ ಹಿಡ್ಕೊಂಡು ಲಂಡನ್‌ಗೆ ಹೋಗಿ, ಹೋಟೆಲ್‌ನಲ್ಲಿ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿಗೆ ಕೇಳಿಸಿದರು. ಬ್ರಿಟನ್‌ನಲ್ಲಿ ಅದು 2ನೇ ಸ್ಥಾನಕ್ಕೇರಿತು. 1967ರ ಬೀಟಲ್ಸ್ ಆಲ್ಬಂ ‘ಸಾರ್ಜೆಂಟ್ ಪೆಪ್ಪರ್ಸ್’ಗೆ ಇದೇ ಪ್ರೇರಣೆ ಅಂತ ಮೆಕಾರ್ಟ್ನಿಯೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೂ ಮುಂದೆ ಹೇಳಿಕೊಂಡರು.

ಬ್ರಯನ್ ಮಾತ್ರ ದೊಡ್ಡ ಬೆಲೆ ತೆತ್ತರು. ಮುಂದಿನ ಆಲ್ಬಂ ‘ಸ್ಮೈಲ್’ 1967ರಲ್ಲಿ ಅರ್ಧಕ್ಕೇ ನಿಂತಿತು. ಮಾನಸಿಕ ಕಾಯಿಲೆ, ಡ್ರಗ್ಸ್, ವರ್ಷಗಟ್ಟಲೆ ಕತ್ತಲು. ಅದನ್ನು ಅವರು ಮುಗಿಸಿ ಬಿಡುಗಡೆ ಮಾಡಿದ್ದು 2004ರಲ್ಲಿ. ನೋವು ಇದ್ದದ್ದಕ್ಕೇ ಒಳ್ಳೇ ಹಾಡು ಬಂತು ಅಂತ ರೊಮ್ಯಾಂಟಿಕ್ ಮಾಡೋರಿದ್ದಾರೆ. ನಾನು ಒಪ್ಪಲ್ಲ. ಕಾಯಿಲೆ ಅವರಿಂದ ಹಾಡುಗಳನ್ನು ಕಿತ್ತುಕೊಂಡಿತು, ಕೊಡಲಿಲ್ಲ. 2025ರ ಜೂನ್‌ನಲ್ಲಿ, 82ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇವತ್ತು ಫೋನ್‌ನಲ್ಲಿ ಹತ್ತು ಸೆಕೆಂಡಿಗೆ ಸ್ಕಿಪ್ ಮಾಡೋದು ಸುಲಭ. ಇದನ್ನು ಮಾತ್ರ ಒಮ್ಮೆ ಶಫಲ್ ಆಫ್ ಮಾಡಿ, ಮೊದಲಿಂದ ಕೇಳಿ. ಕೊನೆಯ ಹಾಡು ಮುಗೀತು ಅಂತ ಇಯರ್‌ಫೋನ್ ತೆಗೀಬೇಡಿ. ಒಂದು ರೈಲು ಹಾದುಹೋಗುತ್ತೆ, ಬ್ರಯನ್ ಮನೆಯ ನಾಯಿಗಳು ಬೊಗಳುತ್ತವೆ. ಆಮೇಲೆ ತೆಗೀರಿ.